ಗೋಡೆಗೆ ಅಂಟಿದ ಮುಖ

ಆ ಫೋಟೋ ಕೊಟ್ಟವಳು ಅಕ್ಕನೇ. ಮಕ್ಕಳ ಆಸ್ಪತ್ರೆಯ ಮೂರನೇ ಮಹಡಿಯ ಕಿಟಕಿಯ ಪಕ್ಕ ತಮ್ಮ ಕೂತಿದ್ದ. ಔಷಧಿಗೆ ಕೂದಲುದುರಿ ಬೋಳಾದ ತಲೆ, ಕೈಗೆ ಅಂಟಿಸಿದ ಸೂಜಿ, ಕಣ್ಣು ಕೆಳಗಿನ ರಸ್ತೆಯ ಮೇಲೆ. ಅವನಿಗೆ ಗೊತ್ತಾಗದ ಹಾಗೆ ಮೊಬೈಲಿನಲ್ಲಿ ತೆಗೆದಿದ್ದಳು. ಬ್ಲಡ್ ಕ್ಯಾನ್ಸರಿನ ಹತ್ತು ಮಕ್ಕಳ ಚಿಕಿತ್ಸೆಗೆ ಅವಳ ಕಾಲೇಜಿನವರು ಹಣ ಎತ್ತಲು ಹೊರಟಾಗ "ಜನಕ್ಕೆ ಒಂದು ಮುಖ ಬೇಕು" ಅಂದವನು ಮೈಕು. ಯಾವ ಸಭೆಯಲ್ಲೂ ಮೈಕ್ ಬಿಟ್ಟುಕೊಡದ ಹುಡುಗ, ಅದಕ್ಕೇ ಆ ಹೆಸರು. ಅವಳು ಹಿಂದೆಮುಂದೆ ನೋಡದೆ ಫೋಟೋ ಕಳಿಸಿಬಿಟ್ಟಳು.

ಎರಡೇ ದಿನದಲ್ಲಿ ತಮ್ಮ ಪೋಸ್ಟರಾಗಿ ಊರಿಗೆಲ್ಲ ಅಂಟಿಕೊಂಡ. ಬಸ್ ಸ್ಟ್ಯಾಂಡು, ಔಷಧಿ ಅಂಗಡಿ, ಕಾಲೇಜಿನ ಗೇಟು, ಎಲ್ಲಿ ನೋಡಿದರೂ ಅವನೇ. ಕಾಲೇಜಿನ ಅಂಗಳದಲ್ಲಿ ಹುಡುಗ ಹುಡುಗಿಯರು ಪ್ಯಾಂಟು ಮಡಚಿಕೊಂಡು ಊರವರ ಕಾರು, ಬೈಕು ತೊಳೆಯುತ್ತಿದ್ದರು. ತೊಳೆಸಿಕೊಂಡವರು ಡಬ್ಬಿಗೆ ಕೈಲಾದಷ್ಟು ಹಾಕಿ ಹೋಗುತ್ತಿದ್ದರು. ಅಕ್ಕನ ಕೈಗೆ ಮಾತ್ರ ಯಾರೂ ಒರೆಸುವ ಬಟ್ಟೆ ಕೊಡುತ್ತಿರಲಿಲ್ಲ. "ನೀನು ಕೂತ್ಕೊಳ್ಳೇ, ಪಾಪ" ಅನ್ನುತ್ತಿದ್ದರು. ಒಮ್ಮೆ ಯಾರದೋ ತಮಾಷೆಗೆ ಅವಳು ಗೊಳ್ಳೆಂದು ನಕ್ಕಾಗ ನಾಲ್ಕು ತಲೆಗಳು ತಿರುಗಿದವು. ಅಂದಿನಿಂದ ನಗುವುದಕ್ಕೂ ಅಪ್ಪಣೆ ಬೇಕೇನೋ ಅನ್ನಿಸತೊಡಗಿತು.

ತಮ್ಮನಿಗೆ ಸುದ್ದಿ ಮುಟ್ಟಿಸಿದ್ದು ವಾರ್ಡಿನ ನೆಲ ಒರೆಸುವ ಹೆಂಗಸು. ಹತ್ತು ವರ್ಷದ ಅವನ ಬಾಯಿಗೆ ಹೆದರಿ ನರ್ಸುಗಳೆಲ್ಲ ಪಟಾಕಿ ಎಂದೇ ಕರೆಯುತ್ತಿದ್ದರು. ಅಂದು ಪಟಾಕಿ ಸಿಡಿಯಲಿಲ್ಲ.

"ಬಸ್ ಸ್ಟ್ಯಾಂಡಲ್ಲಿ ನನ್ನ ಬೋಳು ತಲೆ ಇದೆಯಂತೆ. ಹೌದಾ ಅಕ್ಕಾ?"

"ಹೌದು ಕಣೋ. ಒಳ್ಳೇದಕ್ಕೇ..."

"ನನ್ನ ಕ್ಲಾಸಿನವರೆಲ್ಲ ಅಲ್ಲೇ ಬಸ್ ಹತ್ತೋದು. ತೆಗೆಸಿಬಿಡು."

"ತೆಗೆಸ್ತೀನಿ" ಅಂದುಬಿಟ್ಟಳು.

ಮೈಕು ಒಪ್ಪಲಿಲ್ಲ. "ಅದನ್ನ ತೆಗೆದ್ರೆ ಡಬ್ಬಿ ಖಾಲಿ. ಇದು ನಿನ್ನ ತಮ್ಮನೊಬ್ಬನ ವಿಷಯ ಅಲ್ಲ, ಹತ್ತು ಮಕ್ಕಳದ್ದು. ಭಾನುವಾರ ಕೊನೇ ಕಾರ್ಯಕ್ರಮ, ಅವನನ್ನೂ ಸ್ಟೇಜಿಗೆ ಕರ್ಕೊಂಡು ಬಾ. ಐದೇ ನಿಮಿಷ."

ಅವನು ಕೆಟ್ಟವನಲ್ಲ. ಮೂರು ವಾರ ಸೋಪಿನ ನೀರಿನಲ್ಲಿ ನೆನೆದು ಅವನ ಬೆರಳುಗಳು ಬಿರಿದಿದ್ದವು. ಕೆಟ್ಟವನಾಗಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಮನೆಯಲ್ಲಿ ವಿಷಯ ಹೇಳಿದರೆ ಅಮ್ಮ ಹೊಲಿಗೆ ಮಿಷನ್ನಿನಿಂದ ತಲೆ ಎತ್ತಲೂ ಇಲ್ಲ. "ಉಂಡ ಮನೆಗೆ ಎರಡು ಬಗೀತೀಯಾ? ಬಾಯಿ ಮುಚ್ಕೊಂಡಿರು."

ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಮರುದಿನ ಸಂಜೆ ಅವಳು ಆಸ್ಪತ್ರೆಯ ಎದುರಿನ ಗೋಡೆಯ ಪೋಸ್ಟರನ್ನು ಉಗುರಿನಿಂದ ಕೆರೆಯತೊಡಗಿದಳು. ಅರ್ಧ ಹಣೆ ಕಿತ್ತು ಬಂತು. ಕಣ್ಣುಗಳು ಜಪ್ಪಯ್ಯ ಅಂದರೂ ಬರಲಿಲ್ಲ.

"ನಿಮಗೆ ಬೇಡ್ವೇನಮ್ಮಾ?" ಹಿಂದಿನಿಂದ ದನಿ ಬಂತು. ತಮ್ಮನ ಪಕ್ಕದ ಮಂಚದ ಹುಡುಗಿಯ ತಾಯಿ, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. "ಬೇಡ ಅಂದ್ರೆ ನನ್ನ ಮಗಳದ್ದು ಹಾಕ್ತೀರಾ? ಯಾರಾದ್ರೂ ಕೇಳ್ತಾರೇನೋ ಅಂತ ಕಾದೆ. ನಾವಾಗೇ ಹೇಗೆ ಬಾಯಿ ಬಿಡೋದು?"

ಅಕ್ಕನ ಉಗುರಿನಲ್ಲಿ ಕಾಗದದ ಚೂರು ಸಿಕ್ಕಿತ್ತು. ಒಂದು ಬಲೆಯಿಂದ ತಮ್ಮನನ್ನು ಬಿಡಿಸಬೇಕಾದರೆ ಇನ್ನೊಂದು ಮಗುವನ್ನು ಅದರೊಳಗೆ ಕೂರಿಸಬೇಕೇ? ಆದರೂ ಮೇಲೆ ಹತ್ತಿ ಹೋದಳು. ಆ ತಾಯಿಯ ಏಳು ವರ್ಷದ ಮಗಳು ಗುಬ್ಬಿಯ ಮಂಚದ ತುದಿಯಲ್ಲಿ ಕೂತು ತಾನೇ ಕೇಳಿದಳು.

"ಗೋಡೆ ಮೇಲಾ? ಎಷ್ಟು ದೊಡ್ಡದು?"

"ಬಾಗಿಲಷ್ಟು. ಬೇಡ ಅಂದ್ರೆ ಬೇಡ, ಯಾರೂ ಬಯ್ಯಲ್ಲ."

"ಕೆಂಪು ಟೋಪಿ ಹಾಕ್ಕೋಬಹುದಾ?"

"ನಿನ್ನಿಷ್ಟ."

ಗುಬ್ಬಿ ಟೋಪಿ ಹಾಕಿ ನೆಟ್ಟಗೆ ಕೂತು, ಬಿದ್ದ ಹಲ್ಲಿನ ಜಾಗ ಕಾಣುವ ಹಾಗೆ ನಕ್ಕಳು.

ಆ ಫೋಟೋ ಹಿಡಿದುಕೊಂಡೇ ಅಕ್ಕ ಮೈಕುವಿನ ಎದುರು ನಿಂತಳು. "ತಮ್ಮ ಸ್ಟೇಜಿಗೆ ಬರಲ್ಲ. ಅವನ ಪೋಸ್ಟರ್ ಇಳಿಸದಿದ್ರೆ ಭಾನುವಾರ ನಾನೇ ಮೈಕ್ ಹಿಡಿದು ಹೇಳ್ತೀನಿ, ಅವನನ್ನ ಕೇಳದೇ ಹಾಕಿದ್ವಿ ಅಂತ."

ಅವನು ತನ್ನ ಬಿರಿದ ಬೆರಳುಗಳನ್ನು ನೋಡಿಕೊಂಡ. ಆಮೇಲೆ ಅವಳ ಕೈಗೆ ಒಂದು ಒದ್ದೆ ಬಟ್ಟೆ ಕೊಟ್ಟು, "ಆ ಬಿಳಿ ಕಾರು ನೀನು ತೊಳಿ" ಅಂದ. ಶನಿವಾರದ ಹೊತ್ತಿಗೆ ತಮ್ಮನ ಪೋಸ್ಟರುಗಳ ಜಾಗದಲ್ಲಿ ಊರ ತುಂಬ ಗುಬ್ಬಿಯ ಕೆಂಪು ಟೋಪಿ. ಭಾನುವಾರ ಮೈದಾನ ತುಂಬಿತು, ಹತ್ತೂ ಮಕ್ಕಳ ಮುಂದಿನ ಔಷಧಿಗೆ ದಾರಿಯಾಯಿತು.

ಸೋಮವಾರ ಅಕ್ಕ ತಮ್ಮನಿಗೆ ಎಲ್ಲವನ್ನೂ ಹೇಳಿದಳು.

"ಅವಳನ್ನ ಕೇಳಿದ್ಯಾ?"

"ಕೇಳಿದೆ."

"ನನ್ನ ಕೇಳಿರ್ಲಿಲ್ಲ."

"ತಪ್ಪಾಯ್ತು ಕಣೋ."

ಅವನು ತನ್ನ ಕೈಗೆ ಹನಿಹನಿಯಾಗಿ ಇಳಿಯುತ್ತಿದ್ದ ಔಷಧಿಯನ್ನು ನೋಡಿದ. "ಹಾಗಾದ್ರೆ ಇದು ಅವಳ ಫೋಟೋದಿಂದ ಬಂದಿದ್ದಾ?"

ಪಕ್ಕದ ಮಂಚದಲ್ಲಿ ಗುಬ್ಬಿ ಮಗ್ಗುಲಾಗಿ ಮಲಗಿ ನಿದ್ದೆಹೋಗಿದ್ದಳು. ಅವನು ಅತ್ತ ತಿರುಗಿ ನೋಡಿ, ದನಿ ತಗ್ಗಿಸಿದ.

"ಮೆಲ್ಲಗೆ ಮಾತಾಡು. ಎದ್ದುಬಿಡ್ತಾಳೆ."