ಗೋಡೆ ದಾಟದ ಆಂಪ್ಲಿಫೈಯರು

ದರ್ಜಿ ತನ್ನ ಬಾಸ್ ಗಿಟಾರಿನ ದಪ್ಪ ತಂತಿ ಮೀಟಿದರೆ ಏಳು ಬೀದಿಯಾಚೆ ಮಲಗಿದ್ದ ನಾಯಿಗಳು ಎದ್ದು ಕೂರುತ್ತಿದ್ದವು. ಇದರಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ಗೆಳೆಯನಿಂದ ಎರವಲು ತಂದ, ಬೀರುವಿನಷ್ಟು ದೊಡ್ಡ ಆಂಪ್ಲಿಫೈಯರಿನ ಪ್ರತಾಪ ಅದು. ಕೆಳಮನೆಯಲ್ಲಿದ್ದ ಒಡತಿ ಕಡ್ಡಿ ತುಂಡು ಮಾಡಿದಂತೆ ಹೇಳಿಬಿಟ್ಟಿದ್ದರು: "ಇನ್ನೊಂದ್ಸಲ ನನ್ನ ಪಾತ್ರೆ ಕುಣಿದ್ರೆ ಮನೆ ಖಾಲಿ ಮಾಡಪ್ಪ."

ಅಂದಿನಿಂದ ದರ್ಜಿಯ ಎದೆ ಅವನ ಹೊಲಿಗೆ ಯಂತ್ರಕ್ಕಿಂತ ಜೋರಾಗಿ ಓಡುತ್ತಿತ್ತು. ಅಗ್ಗದ, ಪುಟ್ಟ ಆಂಪ್ಲಿಫೈಯರು ಹುಡುಕಿಕೊಂಡು ಹೆಂಡತಿಯೊಂದಿಗೆ ಅಂಗಡಿಗೆ ಹೋದ. ಲೋಕವೆಲ್ಲ ಎದುರು ನಿಂತು ಕೇಳಿ ಖರೀದಿಸಿದರೆ, ಇವನು ಅಂಗಡಿಯವನಿಗೆ ನುಡಿಸಲು ಹೇಳಿ, ಪ್ರತಿ ಸಲವೂ ಹೊರಗೋಡಿ ಹಿಂದಿನ ಗೋಡೆಗೆ ಕಿವಿ ಒತ್ತಿದ.

"ಹೆಡ್‌ಫೋನ್ ಹಾಕ್ಕೊಂಡ್ರೆ ಮುಗೀತಲ್ಲ ಸಾರ್?" ಎಂದ ಅಂಗಡಿಯವ ಸುಸ್ತಾಗಿ.

"ಆಮೇಲೆ ನಾನು ಇವರು ತಲೆ ಅಲ್ಲಾಡ್ಸೋದು ನೋಡ್ತಾ ಕೂರ್ಲಾ?" ಎಂದಳು ಹೆಂಡತಿ.

ಕೊನೆಗೆ ಗೋಡೆಯಾಚೆ ಸೊಳ್ಳೆಯಷ್ಟೂ ಸದ್ದು ದಾಟಿಸದ ಹತ್ತು ವ್ಯಾಟಿನದೊಂದನ್ನು ತಂದು, ನೆಲಕ್ಕೆ ತಾಗದಂತೆ ದಿಂಬಿನ ಮೇಲೆ ಕೂರಿಸಿದ. ಆದರೂ ಜೀವ ತಡೆಯಲಿಲ್ಲ. ಹೆಂಡತಿಯ ಕೈಗೆ ಗಿಟಾರು ಕೊಟ್ಟು, ಮೀಟುತ್ತಿರು ಎಂದು ಹೇಳಿ, ಮೆಟ್ಟಿಲಿಳಿದು ಓಡಿ ಒಡತಿಯ ಬಾಗಿಲಿಗೆ ಕಿವಿಯಿಟ್ಟ. ಬಾಗಿಲು ತೆರೆಯಿತು. ದರ್ಜಿ ತಟ್ಟನೆ ಹಿಂದೆ ಸರಿದ.

"ಅಮ್ಮಾ... ಏನಾದ್ರೂ ಕೇಳಿಸ್ತಾ?"

"ಕೇಳಿಸ್ದೆ ಇರುತ್ತಾ? ಆನೆ ಇಳಿದ ಹಾಗೆ ಮೆಟ್ಟಿಲಿಳಿದ್ಯಲ್ಲ!"

"ಗಿಟಾರು?"

"ಯಾವ ಗಿಟಾರು?"

ದರ್ಜಿ ಉಸಿರು ಬಿಗಿಹಿಡಿದು, ತುದಿಗಾಲಲ್ಲಿ ಮೇಲೆ ಹತ್ತಿದ.