ಕೆಳಗಿನ ಅರ್ಧ

ಲಗ್ಗೆರೆಯ ಸ್ಟುಡಿಯೋ ಒಂದರಲ್ಲಿ ಕೂತು ಯಮುನಾ ಆರು ವರ್ಷದಿಂದ ಒಂದೇ ಕೆಲಸ ಮಾಡುತ್ತಿದ್ದಳು. ಮದುವೆ ಫೋಟೋಗಳಲ್ಲಿ ಗಂಡು ಹೆಣ್ಣಿನ ಹಿಂದಿರುವ ಆಕಾಶ ಕಿತ್ತು, ಬೇರೆ ಆಕಾಶ ಅಂಟಿಸುವುದು. ಪೀಣ್ಯದ ಹೊಗೆ ಹಿಡಿದ ಆಕಾಶ ಯಾರಿಗೂ ಬೇಡ, ಎಲ್ಲರಿಗೂ ಕಿತ್ತಳೆ ಬಣ್ಣದ ಮೋಡವೇ ಆಗಬೇಕು. ಅದಕ್ಕೆಂದೇ ಕಂಪ್ಯೂಟರಿನಲ್ಲಿ 'ಸ್ಕೈ ಸೆವೆನ್' ಅಂತ ಒಂದು ಆಕಾಶದ ಫೈಲ್ ಇತ್ತು. ಮಾಲೀಕ ರಾಮಾಂಜಿನಪ್ಪನಿಗೆ ಅದರ ಮೇಲೆ ಎಂಥಾ ಮೋಹವೆಂದರೆ, ಮುಹೂರ್ತ ಬೆಳಗ್ಗೆ ಇರಲಿ ಮಧ್ಯಾಹ್ನ ಇರಲಿ, ಎಲ್ಲರ ತಲೆಯ ಹಿಂದೆಯೂ ಅದೇ ಸೂರ್ಯ ಮುಳುಗಬೇಕು. ಥೂ, ಸೂರ್ಯನಿಗಾದರೂ ಒಂದು ಮಾನ ಮರ್ಯಾದೆ ಬೇಡವೇ ಎಂದು ಯಮುನಾ ಮನಸ್ಸಿನಲ್ಲೇ ಉಗಿಯುತ್ತಿದ್ದಳು.

ಉಗಿದದ್ದು ತನ್ನ ಮುಖಕ್ಕೇ ಸಿಡಿಯುತ್ತದೆಂದೂ ಅವಳಿಗೆ ಗೊತ್ತಿತ್ತು. ಆ ಆಕಾಶ ಅವಳೇ ತೆಗೆದದ್ದು.

ಒಂದು ಕಾಲಕ್ಕೆ ಅವಳಿಗೆ ಫೋಟೋದ್ದೇ ಹುಚ್ಚು. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಮೊದಲನೇ ಬಸ್ಸಿಗೇ ಹೊರಟು ಗುಡ್ಡ ಹತ್ತಿ, ಸೂರ್ಯ ಮುಳುಗುವವರೆಗೂ ಅಲ್ಲೇ ಇರುತ್ತಿದ್ದಳು. ಜಿಗಣಿ ಕಡೆಯ ಒಂದು ಗುಡ್ಡ, ಅದರ ಕೆಳಗಿನ ಹೊಲಗಳು, ಮೇಲೆ ಮುಳುಗುವ ಸೂರ್ಯ ಇದ್ದ ಒಂದು ಫೋಟೋ ವೈಟ್‌ಫೀಲ್ಡಿನ ಆಫೀಸಿನವರ ಪ್ರದರ್ಶನದಲ್ಲಿ ತೂಗುಹಾಕಲಾಗಿತ್ತು. ಅಲ್ಲಿ ನೋಡಬೇಕಿತ್ತು ಆ ಭಾನುವಾರ ಮಾತ್ರ ಕ್ಯಾಮೆರಾ ಹಿಡಿಯುವ ಛಾಯಾಗ್ರಾಹಕರನ್ನು. ಕತ್ತಿನಲ್ಲಿ ಮೊಳದುದ್ದ ಲೆನ್ಸು, ಬಾಯಲ್ಲಿ ಅದರದೇ ಬಡಾಯಿ. ಯಾವ ಲೆನ್ಸು ಮೇಡಂ ಎಂದು ಕೇಳದವರಿಲ್ಲ, ಅದು ಯಾವ ಗುಡ್ಡ ಎಂದು ಕೇಳಿದವನು ಒಬ್ಬನೂ ಇಲ್ಲ. ಒಬ್ಬ ಮಹಾನುಭಾವನಂತೂ ಅವಳ ಫೋಟೋದ ಮುಂದೆಯೇ ನಿಂತು, ಫೋಟೋ ತೆಗೆಯುವುದು ಹೇಗೆಂದು ಅವಳಿಗೆ ಅರ್ಧ ಗಂಟೆ ಪಾಠ ಮಾಡಿದ. ಇವರ ಸಾಲಿನಲ್ಲಿ ನಿಲ್ಲುವುದೂ ಒಂದೇ, ನೇಣು ಹಾಕಿಕೊಳ್ಳುವುದೂ ಒಂದೇ ಅನ್ನಿಸಿತು ಅವಳಿಗೆ. ಗುಡ್ಡದ ಫೋಟೋ ಅಂದರೆ ಹೊಟ್ಟೆ ತುಂಬಿದವರ ಶೋಕಿ ಎಂದು ತೀರ್ಮಾನಿಸಿ ಕ್ಯಾಮೆರಾ ಬೀರು ಮೇಲಿಟ್ಟಳು.

ಸ್ಟುಡಿಯೋ ಸೇರಿದ ಮೊದಲನೇ ವಾರ ರಾಮಾಂಜಿನಪ್ಪ ಒಳ್ಳೆಯ ಆಕಾಶ ಬೇಕೆಂದ. ಯಮುನಾ ಅದೇ ಫೋಟೋ ತಂದು, ಕೆಳಗಿನ ಗುಡ್ಡ ಹೊಲವನ್ನೆಲ್ಲ ಕತ್ತರಿಸಿ, ಅದರ ಮೇಲೇ ಸೇವ್ ಒತ್ತಿಬಿಟ್ಟಳು. ಅವಳ ಬಳಿ ಇನ್ನೊಂದು ಪ್ರತಿ ಇರಲಿಲ್ಲ. ಹೋದರೆ ಹೋಯಿತು, ಶೋಕಿ ತಾನೇ ಎಂದುಕೊಂಡಳು. ಆರು ವರ್ಷದಿಂದ ಅದನ್ನೇ ಅಂದುಕೊಳ್ಳುತ್ತಿದ್ದಳು.

ಆಷಾಢ ಬಂತು. ಮದುವೆಗಳಿಲ್ಲದೆ ಸ್ಟುಡಿಯೋದಲ್ಲಿ ನೊಣ ಹೊಡೆಯುವ ಕಾಲ. ಆಗ ಮಗಳ ಮದುವೆಯ ಆಲ್ಬಮ್ ಒಯ್ಯಲು ನಂಜಪ್ಪ ಬಂದ. ಜಿಗಣಿ ಪಕ್ಕದ ಹಳ್ಳಿಯವನು, ಹೊಲವಿದ್ದ ಕಡೆ ಬಾಡಿಗೆ ಮನೆ ಕಟ್ಟಿಸಿ ಯಜಮಾನನಾದವನು. ಮಗಳನ್ನು ಲಗ್ಗೆರೆಗೆ ಕೊಟ್ಟಿದ್ದ. ಆಲ್ಬಮ್ ತೆರೆದವನು ಮಗಳನ್ನೂ ನೋಡಲಿಲ್ಲ, ಅಳಿಯನನ್ನೂ ನೋಡಲಿಲ್ಲ. ಅಳಿಯನ ಭುಜದ ಪಕ್ಕ, ಆಕಾಶದ ಅಂಚಿನಲ್ಲಿ ಉಳಿದುಹೋಗಿದ್ದ ಒಂದು ಕಲ್ಲಿನ ನೆತ್ತಿಯ ಮೇಲೆ ಬೆರಳಿಟ್ಟು, ಇದು ನಮ್ಮೂರ ಗುಂಡುಕಲ್ಲು ಅಂದ.

ರಾಮಾಂಜಿನಪ್ಪ ನಕ್ಕು, ಅದು ಸ್ವಿಟ್ಜರ್‌ಲೆಂಡಿನದು ಎಂದು ಕಣ್ಣು ಮಿಟುಕಿಸದೆ ಸುಳ್ಳು ಬಿಟ್ಟ. ನಂಜಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಆ ಕಲ್ಲಿನ ಮೇಲೆ ಕೂತು ದನ ಕಾದವನು ನಾನು ಅಂದ. ಯಮುನಾಗೆ ತಡೆಯಲಾಗಲಿಲ್ಲ. ತೆಗೆದವಳು ನಾನೇ ಎಂದು ಒಪ್ಪಿಕೊಂಡಳು.

"ಅಂಗಾರೆ ಇದ್ರ ಕೆಳಗಿಂದು ಎಲ್ಲೈತಮ್ಮ?"

"ಕತ್ತರಿಸಿಬಿಟ್ಟೆ ಯಜಮಾನ್ರೇ. ಆಲ್ಬಮ್ಮಿಗೆ ಆಕಾಶ ಮಾತ್ರ ಬೇಕಿತ್ತು."

"ಆಕಾಶ ಎಲ್ಲಾ ಕಡೇನೂ ಐತೆ ಕಣಮ್ಮ. ಅದನ್ನ ಮಡಿಕ್ಕಂಡು ನೆಲ ಬಿಸಾಕಿದ್ಯಲ್ಲ, ನೀನೆಂಥ ಫೋಟೋದೋಳು?"

ಆಲ್ಬಮ್ಮನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟೇಹೋದ.

ಯಮುನಾಗೆ ಮೈಯೆಲ್ಲ ಉರಿಯಿತು. ನೆಲದ ಮೇಲೆ ಸಿಮೆಂಟು ಸುರಿದವನು ಇವನು, ನೆಲದ ಬಗ್ಗೆ ನನಗೆ ಬುದ್ಧಿ ಹೇಳುತ್ತಾನೆ ಎಂದು ಸಂಜೆಯವರೆಗೂ ಬೈದಳು. ಬೈದು ಮುಗಿದ ಮೇಲೂ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು. ಅವಳ ಫೋಟೋ ನೋಡಿ ಕೆಳಗಿನದು ಎಲ್ಲಿ ಎಂದು ಕೇಳಿದವನು ಇವನೊಬ್ಬನೇ. ಹೋಗಿ ನೋಡಿಯೇಬಿಡೋಣ, ಕೈ ಸತ್ತಿದ್ದರೆ ಕ್ಯಾಮೆರಾ ಗುಜರಿಗೆ ಹಾಕಿದರಾಯಿತು ಎಂದುಕೊಂಡಳು. ಕೈ ಸತ್ತಿರದಿದ್ದರೆ ಆರು ವರ್ಷ ಹಾಳು ಮಾಡಿಕೊಂಡಂತೆ. ಅದರ ಬಗ್ಗೆ ಯೋಚಿಸಲು ಹೆದರಿಕೆಯಾಯಿತು.

ಮಾರನೆಯ ಬೆಳಗ್ಗೆ ರಜೆ ಹಾಕಿ ಗುಡ್ಡ ಹತ್ತಿದಳು. ಲೆನ್ಸಿನ ಒಂದು ಅಂಚಿಗೆ ಫಂಗಸ್ ಹಿಡಿದಿತ್ತು, ಅವಳಿಗೆ ಏದುಸಿರು ಹಿಡಿದಿತ್ತು. ಗುಂಡುಕಲ್ಲು ಮಾತ್ರ ಇದ್ದಲ್ಲೇ ಇತ್ತು. ಮೇಲೆ ಆಷಾಢದ ಆಕಾಶ, ಹಳೇ ಅಲ್ಯುಮಿನಿಯಂ ತಟ್ಟೆಯಂತೆ. ಕೆಳಗೆ ತಗಡಿನ ಶೆಡ್ಡುಗಳು, ಕರಿ ಸಿಂಟೆಕ್ಸ್ ಟ್ಯಾಂಕುಗಳು, ಹಸಿರು ನೀಲಿ ಬಾಡಿಗೆ ಮನೆಗಳು. ಎರಡು ಕಾಂಪೌಂಡಿನ ನಡುವೆ ರಾಗಿ ಬಿತ್ತಲು ಉತ್ತಿಟ್ಟ ಒಂದು ಪಟ್ಟಿ ಕೆಂಪು ನೆಲ. ಇದನ್ನು ತೆಗೆಯುವುದಾ ಎಂದು ಮೂಗು ಮುರಿದಳು. ಆದರೂ ನಾಲ್ಕು ಸಲ ಒತ್ತಿದಳು. ನಾಲ್ಕರಲ್ಲೂ ಮುಕ್ಕಾಲು ಪಾಲು ಆಕಾಶ. ಥೂ, ಆಲ್ಬಮ್ ಕೈ ಎಂದು ತನ್ನ ಕೈಯನ್ನೇ ಬೈದಳು.

ಆಮೇಲೆ ಬಂಡೆಯ ಮೇಲೆ ಬೋರಲು ಮಲಗಿ ಕ್ಯಾಮೆರಾ ಕೆಳಕ್ಕೆ ಬಗ್ಗಿಸಿದಳು. ಆಕಾಶ ಪೂರ್ತಿ ಹೊರಗೆ ಹೋಯಿತು. ಹಾಗೇ ಕಾದಳು. ಎಷ್ಟು ಹೊತ್ತೋ, ಮೊಣಕೈ ತರಚಿದ್ದೂ ತಿಳಿಯಲಿಲ್ಲ. ಮೋಡ ಸರಿದು ತಗಡುಗಳ ಮೇಲೆ ಬಿಸಿಲು ಒಂದೊಂದಾಗಿ ಹರಿದು ಬಂತು. ಮನೆಗಳನ್ನು ದಾಟಿ ಆ ಕೆಂಪು ಪಟ್ಟಿಯ ಮೇಲೆ ಬಂದು ನಿಂತಿತು. ಒತ್ತಿದಳು.

ಒತ್ತಿದ ಕ್ಷಣವೇ ಗೊತ್ತಾಯಿತು. ಎಂಥಾ ಖುಷಿಯಾಯಿತೆಂದರೆ ಬಂಡೆಯ ಮೇಲೆ ಒಬ್ಬಳೇ ನಕ್ಕಳು. ಶೋಕಿಯಂತೆ, ಶೋಕಿ! ಆರು ವರ್ಷ ತನಗೆ ತಾನೇ ಸುಳ್ಳು ಹೇಳಿಕೊಂಡು ಬಂದೆನಲ್ಲ ಎಂದು ನಗುವಿನ ಹಿಂದೆಯೇ ತನ್ನನ್ನು ತಾನೇ ಬೈದುಕೊಂಡಳು.

ಮರುದಿನ ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿದಳು. ರಾಮಾಂಜಿನಪ್ಪ ಕನ್ನಡಕ ಏರಿಸಿ ನೋಡಿದ.

"ಫೋಟೋ ಏನೋ ಸರಿ ಯಮುನಾ, ಆಕಾಶ ಎಲ್ಲಿ? ಮೇಲೆ ಸ್ಕೈ ಸೆವೆನ್ ಹಾಕ್ಬಿಡು."

"ಅದಿಲ್ಲ ಸಾರ್. ಬೆಳಗ್ಗೆ ಡಿಲೀಟ್ ಮಾಡ್ದೆ."

ರಾಮಾಂಜಿನಪ್ಪ ಕನ್ನಡಕ ಕಿತ್ತು ಮೇಜಿನ ಮೇಲಿಟ್ಟ. ಶ್ರಾವಣ ಬರುತ್ತಿದೆ, ಮದುವೆಯವರಿಗೆ ಏನು ಹೇಳುವುದು ಎಂದು ಕೇಳಿದ.

"ಕತ್ತೆತ್ತಿ ನೋಡೋಕೆ ಹೇಳಿ ಸಾರ್. ಆಕಾಶ ಎಲ್ಲಾ ಕಡೇನೂ ಇದೆ."

ಪ್ರಿಂಟನ್ನು ಸುರುಳಿ ಸುತ್ತಿ, ನಂಜಪ್ಪನ ಊರಿನ ಬಸ್ಸು ಹಿಡಿಯಲು ಹೊರಟಳು.