ಜೇಬಿನಲ್ಲಿದ್ದ ಫ್ಯೂಸು

ಅಪ್ಪನ ಅಂಗಿಯ ಜೇಬು ಎಂದರೆ ನನಗೆ ಮೊದಲು ನೆನಪಾಗುವುದು ಅದರೊಳಗಿನ ಬಿಳಿಯ ಪಿಂಗಾಣಿ ಫ್ಯೂಸು. ಮನೆಯಲ್ಲಿ ಸ್ವಿಚ್ಚು, ದೀಪ ಏನನ್ನೇ ಬಿಚ್ಚುವುದಿದ್ದರೂ ಅವರು ಮೊದಲು ಮೀಟರಿನ ಕೆಳಗಿದ್ದ ಫ್ಯೂಸನ್ನು ಕಿತ್ತು ಎದೆಯ ಮೇಲಿನ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅದರ ಭಾರಕ್ಕೆ ಜೇಬು ಜೋಲುತ್ತಿತ್ತು. ಮೂವತ್ತೊಂದು ವರ್ಷ ಕಂಬ ಹತ್ತಿದ ಲೈನ್‌ಮನ್ ಅವರು. "ಫ್ಯೂಸನ್ನ ಗೂಡಲ್ಲಿ ಇಡಬಾರ್ದು ಮಗಾ, ಇನ್ನೊಬ್ಬರ ಕೈಗೂ ಕೊಡಬಾರ್ದು. ಯಾರೋ ಪುಣ್ಯಾತ್ಮ ಕರೆಂಟ್ ಹೋಯ್ತಲ್ಲಾ ಅಂತ ತಗೊಂಡು ಸಿಕ್ಕಿಸಿಬಿಟ್ರೆ? ಕೆಲಸ ಮಾಡೋರ ಜೀವ ಅವರ ಜೇಬಲ್ಲೇ ಇರ್ಬೇಕು," ಎನ್ನುತ್ತಿದ್ದರು.

ಅವರು ನಿವೃತ್ತರಾದ ಎರಡನೆಯ ವರ್ಷ ನಡುಮನೆಯ ಪ್ಲಗ್ಗು ಕೈಕೊಡತೊಡಗಿತು. ಅಮ್ಮನ ಹೊಲಿಗೆ ಯಂತ್ರದ ಮೋಟಾರು ನಡೆಯಬೇಕಾದದ್ದು ಅದರಿಂದಲೇ. ತುಳಿಯುವ ಕೆಲಸಕ್ಕೆ ಅಮ್ಮನ ಮೊಣಕಾಲು ಎಂದೋ ಒಲ್ಲೆನೆಂದಿತ್ತು. ರವಿಕೆಗೆ ತೋಳು ಕೂರಿಸುವ ಹೊತ್ತಿಗೆ ಸರಿಯಾಗಿ ಯಂತ್ರ ನಿಲ್ಲುತ್ತಿತ್ತು. ಪದವಿ ಮುಗಿಸಿ ಮನೆಯಲ್ಲಿದ್ದ ನಾನು, ಯಾರಾದರೂ ಬಂದರೆ ಒಳಕೋಣೆ ಸೇರುತ್ತಿದ್ದವಳು, ಆಗ ಎದ್ದುಬಂದು ಪ್ಲಗ್ಗಿನ ಸಂದಿಗೆ ಬೆಂಕಿಕಡ್ಡಿ ತುರುಕಿ ಎಡಕ್ಕೆ ಒತ್ತಬೇಕು. ಅದು ನಿಂತದ್ದು, ನಡೆದದ್ದು ಎಲ್ಲವೂ ನನ್ನ ದಿನಚರಿಯಲ್ಲಿ ಬರೆದಿದೆ. ಬೇರೆ ಬರೆಯುವಂಥದ್ದು ಆಗ ನನ್ನ ಬಾಳಿನಲ್ಲಿ ಏನೂ ಆಗುತ್ತಿರಲಿಲ್ಲ.

ಅಪ್ಪ ಮೂರು ಸಲ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು, ನಮ್ಮನ್ನು ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿಕೊಂಡರು. ಮೂರು ಸಲವೂ ಅರ್ಧ ಗಂಟೆ ಕಳೆದು ಬಂದು, "ಪ್ಲಗ್ಗಲ್ಲಿ ಏನೂ ಇಲ್ಲ. ಮೋಟಾರಿಗೇ ವಯಸ್ಸಾಗಿದೆ," ಎಂದರು.

ಒಮ್ಮೆ ಬಟ್ಟೆ ಕೊಡಲು ಬಂದ ಗಿರಿಜಮ್ಮ ಬೆಂಕಿಕಡ್ಡಿ ನೋಡಿ ನಕ್ಕರು. "ಅಲ್ಲಾ ಕಣೇ, ಊರ ಬೀದಿಗೆಲ್ಲಾ ದೀಪ ಹತ್ತಿಸಿದೋರ ಮನೇಲಿ ಪ್ಲಗ್ಗಿಗೆ ಊರುಗೋಲೇ?"

"ಊರಿಗೆ ಉಪಕಾರ ಮಾಡಿ ಮಾಡಿ ಸಾಕಾಗಿದೆ ಅವ್ರಿಗೆ. ನಿಮ್ಮ ತೋಳಿನ ಅಳತೆ ಕೊಡಿ, ಹೋದ ಸಲಕ್ಕಿಂತ ದಪ್ಪ ಆಗಿದೀರಿ," ಎಂದಳು ಅಮ್ಮ. ಗಿರಿಜಮ್ಮನ ನಗು ನಿಂತಿತು. ಜಗಲಿಯಲ್ಲಿದ್ದ ಅಪ್ಪ ಮಾತ್ರ ಪತ್ರಿಕೆ ಮಡಿಸಿಟ್ಟು, ಚಪ್ಪಲಿ ಮೆಟ್ಟಿ ಹೊರಟುಹೋದರು.

ಮದುವೆ ಮನೆಯ ಒಂಬತ್ತು ರವಿಕೆಗಳು ಬಂದ ವಾರ ಪ್ಲಗ್ಗಿನಿಂದ ಸುಟ್ಟ ವಾಸನೆ ಬಂತು. ಅಮ್ಮ ಕತ್ತರಿ ಕೆಳಗಿಟ್ಟಳು.

"ಇನ್ನು ಆಗಲ್ಲ ರೀ. ಶುಕ್ರವಾರ ಕೊಡ್ತೀನಿ ಅಂದಿದೀನಿ. ನಾಳೆ ಚೆಲುವಯ್ಯನ್ನ ಕರೀಲೇ?"

ಚೆಲುವಯ್ಯ ಈಗ ಪೇಟೆಯಲ್ಲಿ ಅಂಗಡಿ ಇಟ್ಟ ಎಲೆಕ್ಟ್ರಿಷಿಯನ್. ಒಂದು ಕಾಲಕ್ಕೆ ಅಪ್ಪನ ಹಿಂದೆ ಏಣಿ ಹೊತ್ತು ಕೆಲಸ ಕಲಿತವನು. ಅಪ್ಪ "ಕರಿ," ಎಂದರು. ಆ ಒಂದು ಮಾತು ಹೇಳಲು ಅವರು ಗಂಟಲು ಎರಡು ಸಲ ಸರಿಮಾಡಿಕೊಂಡರು.

ಅಂದು ಮಧ್ಯಾಹ್ನ ಅಪ್ಪ ಮಲಗಿದ್ದಾಗ ನಾನು ಮೋಟಾರನ್ನು ಅಡುಗೆಮನೆಯ ಪ್ಲಗ್ಗಿಗೆ ಸಿಕ್ಕಿಸಿದೆ. ಅದು ಒಂದೇ ಉಸಿರಿನಲ್ಲಿ ಓಡಿತು. ಅಲ್ಲಿಗೆ ಮೋಟಾರು ನಿರಪರಾಧಿ. ಹಗಲಲ್ಲೂ ಮಬ್ಬಾದ ನಡುಮನೆಯಲ್ಲಿ ಪ್ಲಗ್ಗಿನ ಸ್ವಿಚ್ಚು ಆರಿಸಿ, ಕಂದೀಲು ಹತ್ತಿರ ಹಿಡಿದು ನೋಡಿದೆ. ಪ್ಲಗ್ಗಿನ ಮುಚ್ಚಳದ ಎರಡು ಸ್ಕ್ರೂಗಳ ಸುತ್ತ ಗೀರುಗಳು. ಒಂದೆರಡಲ್ಲ, ಕೋಳಿ ನೆಲ ಕೆದರಿದ ಹಾಗೆ, ಗೋಡೆಯ ಸುಣ್ಣದವರೆಗೂ ಜಾರಿದ ಗೀರುಗಳು. ಸ್ಕ್ರೂಗಳು ಮಾತ್ರ ಅಲುಗಾಡಿರಲಿಲ್ಲ.

ಕಂದೀಲು ಹಿಡಿದು ಕುಳಿತೇ ಇದ್ದೆ. ಕನ್ನಡಕ ಸಿಗುತ್ತಿಲ್ಲವೆಂದು ಪಿಂಚಣಿಯ ಅರ್ಜಿಯನ್ನು ಅಪ್ಪ ನನ್ನಿಂದ ತುಂಬಿಸಿದ್ದು ನೆನಪಾಯಿತು. ಆಗ ಕನ್ನಡಕ ಅವರ ಮೂಗಿನ ಮೇಲೇ ಇತ್ತು. ಯಾರಾದರೂ ಬಂದರೆ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುವುದು, ಊಟಕ್ಕೆ ಎಲ್ಲರಿಗಿಂತ ಕೊನೆಗೆ ಬರುವುದು. ಒಂದೇ ಮನೆಯಲ್ಲಿದ್ದು, ದಿನವೂ ಬರೆಯುತ್ತಿದ್ದು, ನಾನು ಆ ಕೈಯನ್ನು ನೋಡಿಯೇ ಇರಲಿಲ್ಲ.

ಅಪ್ಪ ಎದ್ದಾಗ ಅವರ ಎದುರು ಹೋಗಿ ನಿಂತೆ.

"ಅಪ್ಪಾ, ನಂಗೆ ಪ್ಲಗ್ ಬಿಚ್ಚೋದು ಕಲಿಸಿ."

"ಡಿಗ್ರಿ ಮಾಡಿದೋಳಿಗೆ ಅದ್ಯಾಕವ್ವ?"

"ಇಂಟರ್‌ವ್ಯೂನಲ್ಲಿ ಕೇಳಿದ್ರೆ?"

"ಯಾವ ಇಂಟರ್‌ವ್ಯೂನಲ್ಲಿ ಪ್ಲಗ್ ಬಿಚ್ಚಿಸ್ತಾರಮ್ಮ!" ಎಂದು ನಕ್ಕರು. ನಗುತ್ತ ನನ್ನ ಮುಖ ನೋಡಿದರು. ಸುಳ್ಳು ಹೇಳುವುದು ನನಗೆ ಅಂದೂ ಬರುತ್ತಿರಲಿಲ್ಲ. ಅವರ ನಗು ಮೆಲ್ಲಗೆ ಇಳಿಯಿತು.

ಎದ್ದು ಹೋಗಿ ಫ್ಯೂಸು ಕಿತ್ತರು. ಇಡೀ ಮುಷ್ಟಿಯಲ್ಲಿ ಹಿಡಿಯುವಂಥದ್ದನ್ನು ಆ ಕೈ ಇನ್ನೂ ಹಿಡಿಯುತ್ತಿತ್ತು. ರೂಢಿಯಂತೆ ಫ್ಯೂಸು ಎದೆಯವರೆಗೆ ಹೋಯಿತು. ಜೇಬಿನ ಅಂಚಿನಲ್ಲಿ ತಡೆಯಿತು. ಮತ್ತೆ ಅವರು ಅದನ್ನು ನನ್ನತ್ತ ಚಾಚಿದರು. ಪಿಂಗಾಣಿ ಅವರ ಬೆರಳುಂಗುರಕ್ಕೆ ತಾಗಿ ಕಟಕಟನೆ ಸದ್ದು ಮಾಡುತ್ತಿತ್ತು.

"ತಗೋ. ಇವತ್ತು ಕೆಲಸ ನಿಂದು."

"ನನ್ನ ಬಟ್ಟೆಗೆ ಜೇಬಿಲ್ಲಪ್ಪ," ಎಂದೆ. ದುಪಟ್ಟಾದ ಸೆರಗಿನಲ್ಲಿ ಅದನ್ನು ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಅಪ್ಪ ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತರು. "ಫ್ಯೂಸ್ ತೆಗೆದಿದ್ರೂ ಟೆಸ್ಟರ್ ಇಟ್ಟು ನೋಡು. ಆಮೇಲೆ ಹಿಂಗೈಲಿ ಮುಟ್ಟು. ಅಂಗೈ ಆದ್ರೆ ಕರೆಂಟು ಹಿಡ್ಕೊಂಬಿಡುತ್ತೆ, ಹಿಂಗೈ ಆದ್ರೆ ಕೈ ತಾನೇ ಈಚೆಗೆ ಬರುತ್ತೆ." ಸ್ಕ್ರೂ ಬಿಗಿಯಾಗಿತ್ತು. "ತಿರುಗಿಸೋಕೆ ಮುಂಚೆ ಒತ್ತು. ಇನ್ನೂ ಒತ್ತು. ಹಾಂ, ಈಗ." ಮುಚ್ಚಳ ಕಳಚಿತು. ಒಳಗೆ ಒಂದು ತಂತಿ ಸಡಿಲಾಗಿ, ಬುಡ ಸುಟ್ಟು ಕಪ್ಪಾಗಿತ್ತು.

"ಹೊಸದೇ ಹಾಕ್ಬೇಕು," ಎಂದು ಅಪ್ಪ ತಮ್ಮ ಚೀಲಕ್ಕೆ ಕೈಹಾಕಿ ಒಂದು ರಟ್ಟಿನ ಪೆಟ್ಟಿಗೆ ತೆಗೆದರು. ಒಳಗೆ ಹೊಸ ಪ್ಲಗ್ಗು. ತೆಗೆದು ಇಟ್ಟು, ತೆಗೆದು ಇಟ್ಟು ಪೆಟ್ಟಿಗೆಯ ಮೂಲೆಗಳು ಮೆತ್ತಗಾಗಿದ್ದವು. ನಾನು ನೋಡದವಳಂತೆ ತಂತಿಯ ಸುಟ್ಟ ತುದಿ ಕತ್ತರಿಸಿದೆ.

ಕೆಲಸ ಮುಗಿದು, ಗಂಟು ಬಿಚ್ಚಿ ಫ್ಯೂಸು ಸಿಕ್ಕಿಸಿದೆ. ಯಂತ್ರ ಓಡಿತು. ಅಮ್ಮ ಚಹಾ ತಂದಳು. ನನ್ನ ಲೋಟ ತುಂಬಿತ್ತು, ಅಪ್ಪನದು ಅರ್ಧ. ಎಷ್ಟೋ ತಿಂಗಳಿಂದ ಅಪ್ಪನಿಗೆ ಅರ್ಧ ಲೋಟವೇ, ಎರಡು ಸಲ. ಸಕ್ಕರೆಯ ಲೆಕ್ಕವೆಂದು ನಾನು ತಿಳಿದಿದ್ದೆ. ತುಳುಕದಿರುವುದಕ್ಕೆಂದು ಆ ಸಂಜೆ ತಿಳಿಯಿತು.

"ಚೆಲುವಯ್ಯಂಗೆ ಬರಬೇಡ ಅಂತ ಹೇಳಿಕಳಿಸಲೇನಮ್ಮ?" ಎಂದೆ.

"ನಾನೆಲ್ಲಿ ಕರೆದಿದ್ದೆ?" ಎಂದಳು ಅಮ್ಮ, ಸೂಜಿಗೆ ದಾರ ಪೋಣಿಸುತ್ತ.

ಶುಕ್ರವಾರ ರವಿಕೆಗಳು ಮದುವೆ ಮನೆ ಸೇರಿದವು. ಶನಿವಾರ ಸ್ನಾನ ಮುಗಿಸಿ ನನ್ನ ಹಸಿರು ಬಟ್ಟೆ ತೊಟ್ಟಾಗ ಬಲಗಡೆ ಏನೋ ಕೈಗೆ ತಾಗಿತು. ಮಡಿಕೆಯ ಒಳಗೆ, ಹೊರಗೆ ಕಾಣದ ಹಾಗೆ, ಹೊಸದಾಗಿ ಹೊಲಿದ ಒಂದು ಜೇಬು. ಅಂಚಿಗೆ ಎರಡು ಸಾಲು ಹೊಲಿಗೆ ಬಿದ್ದಿತ್ತು, ಭಾರದ್ದನ್ನು ಇಟ್ಟರೂ ಹರಿಯದ ಹಾಗೆ.